ಕಡಲೆಗೆ ಎನ್‌ಪಿವಿ (ಹುಳಕ್ಕೆ ರೋಗ ತರುವ ನಂಜಾಣು, ಅಂದರೆ ವೈರಸ್) ಹೊಡೆದು ಮೂರು ದಿನವಾದರೂ ಕಾಯಿಕೊರಕ ಸಾಯುತ್ತಿಲ್ಲ. ರಾಸಾಯನಿಕವನ್ನೇ ಹೊಡೆದುಬಿಡಲೇ? ಸತ್ತ ಹುಳ ಅರೆದು ಎನ್‌ಪಿವಿಯನ್ನು ನಾವೇ ಮಾಡಿಕೊಳ್ಳಬಹುದೇ?

ನಾನೂ ಹೀಗೆ ಮೂರನೇ ದಿನ ಗಿಡ ಬಗ್ಗಿಸಿ ನೋಡಿ ತಲೆ ಕೆಡಿಸಿಕೊಂಡವನೇ. ನನ್ನ ಹುಳಗಳು ಏಳನೇ ದಿನವೂ ಸಾಯಲಿಲ್ಲ. ಕಾರಣ, ದ್ರಾವಣ ಎಲೆಗೆ ಅಂಟಲಿ ಎಂದು ಕಲಸಿದ್ದ ಬಟ್ಟೆ ಒಗೆಯುವ ಪುಡಿ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಎನ್‌ಪಿವಿ ನಂಜಾಣು ಪ್ರೋಟೀನಿನ ಹರಳಿನೊಳಗೆ ಹುದುಗಿರುತ್ತದೆ. ಆ ಹರಳು ಕರಗುವುದು ಕ್ಷಾರದಲ್ಲಿ. ಹುಳದ ನಡುಗರುಳಿನ ಪಿಎಚ್ 10ರ ಆಸುಪಾಸು ಇರುವುದರಿಂದ, ಎಲೆಯ ಜೊತೆ ಒಳಹೋದ ಹರಳು ಅಲ್ಲಿ ಕರಗಿ ನಂಜಾಣು ಕರುಳಿನ ಜೀವಕೋಶಕ್ಕೆ ನುಗ್ಗುತ್ತದೆ. ಒಗೆಯುವ ಪುಡಿಯಲ್ಲಿ ಇರುವುದೂ ಸೋಡಾನೇ. ಪ್ರಯೋಗಾಲಯದಲ್ಲಿ ಈ ಹರಳನ್ನು ಬೇಕೆಂದೇ ಕರಗಿಸಲು ಬಳಸುವುದೂ ಅದನ್ನೇ, ಸೋಡಿಯಂ ಕಾರ್ಬೊನೇಟ್! ಮಧ್ಯಾಹ್ನ ಕಲಸಿ ಸಂಜೆಯವರೆಗೆ ಡ್ರಮ್ಮಿನಲ್ಲಿಟ್ಟೆ. ಹುಳದ ಹೊಟ್ಟೆಯಲ್ಲಿ ಆಗಬೇಕಾದ್ದು ಡ್ರಮ್ಮಿನಲ್ಲೇ ಆಗಿಹೋಯಿತು. ಕವಚ ಕಳಚಿದ ನಂಜಾಣು ಎಲೆಯ ಮೇಲೆ ಬಾಳುವುದಿಲ್ಲ. ನಾನು ಹೊಡೆದದ್ದು ಬರೀ ನೊರೆನೀರು.

ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣದ ಮಿಶ್ರಣ) ಜೊತೆ ಬೆರೆಸಬಾರದು, ಅದನ್ನು ಹೊಡೆದ ಟ್ಯಾಂಕನ್ನು ತೊಳೆಯದೆ ಬಳಸಬಾರದು ಎನ್ನುವುದೂ ಇದಕ್ಕೇ. ನೀರಿಗೆ ಪಿಎಚ್ ಕಾಗದ ಅದ್ದಿ ನೋಡಿ. ಪಿಎಚ್ 7ರ ಹತ್ತಿರ ಇರಬೇಕು. 8 ದಾಟಿದ್ದರೆ ನಿಂಬೆರಸ ಹಿಂಡಿ ಇಳಿಸಿ. ಅಂಟು ಬೇಕೆಂದರೆ ಕ್ಷಾರವಿಲ್ಲದ ದ್ರವರೂಪದ್ದನ್ನೇ ಹಾಕಿ.

ಈಗ ನಿಮ್ಮ ಪ್ರಶ್ನೆ. ಮೂರು ದಿನಕ್ಕೆ ತೀರ್ಪು ಕೊಡುವುದೇ ತಪ್ಪು. ಇದು ಮುಟ್ಟಿದರೆ ಸಾಯುವ ವಿಷವಲ್ಲ, ತಿಂದ ಮೇಲೆ ಬರುವ ರೋಗ. 4ರಿಂದ 7 ದಿನ ಬೇಕು, ಚಳಿ ಜಾಸ್ತಿಯಿದ್ದರೆ ಇನ್ನೂ ತಡ. ರೋಗ ಹತ್ತಿದ ಹುಳ ತಿನ್ನುವುದು ಕಡಿಮೆ ಮಾಡಿ, ಬಿಳಿಚಿಕೊಂಡು, ಗಿಡದ ತುದಿಗೆ ಹತ್ತುತ್ತದೆ. ಹಿಂಗಾಲಲ್ಲಿ ಕಚ್ಚಿಕೊಂಡು ತಲೆಕೆಳಗಾಗಿ ಜೋತುಬೀಳುತ್ತದೆ. ಕಡ್ಡಿಯಲ್ಲಿ ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಅಂಥ ನಾಲ್ಕು ಹುಳ ಕಂಡರೂ ಸಾಕು, ಕೈಬಿಡಬೇಡಿ. ಆ ರಸ ಕೆಳಗಿನ ಎಲೆಗಳ ಮೇಲೆ ಬಿದ್ದು ಉಳಿದ ಹುಳಗಳಿಗೂ ರೋಗ ಹರಡುತ್ತದೆ.

ಹೊಡೆದಾಗ ಹುಳ ಎಷ್ಟು ಉದ್ದವಿತ್ತು ಎಂದು ನೀವು ಬರೆದಿಲ್ಲ, ಹೇಳಬೇಕಾದದ್ದು ಅದೇ. ಒಂದೂವರೆ ಸೆಂಟಿಮೀಟರ್ ದಾಟಿದ ಹುಳಕ್ಕೆ ಮರಿಗಿಂತ ನೂರಾರು ಪಟ್ಟು ಹೆಚ್ಚು ನಂಜಾಣು ಬೇಕು, ಸಾಯುವಷ್ಟರಲ್ಲಿ ಕಾಯಿಯನ್ನೂ ಮುಗಿಸಿರುತ್ತದೆ. ಅವನ್ನು ಕೈಯಲ್ಲಿ ಆರಿಸಿ ಅಥವಾ ಗಿಡ ಅಲ್ಲಾಡಿಸಿ ಬೀಳಿಸಿ ನಾಶಮಾಡಿ. ನಂಜಾಣುವೋ ರಾಸಾಯನಿಕವೋ ಎಂಬ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ಯಾವಾಗ ಹೊಡೆದಿರಿ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಮೋಹಕ ಬಲೆಗೆ (ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಬಲೆ) ಕಾಯಿಕೊರಕದ ಪತಂಗ ಬೀಳುವುದು ಜಾಸ್ತಿಯಾದ ಕೂಡಲೇ ಚಿಗುರಿನಲ್ಲಿ ಮೊಟ್ಟೆ ಹುಡುಕಿ. ಮೊಟ್ಟೆಯೊಡೆದು ದಾರದೆಳೆಯಂಥ ಮರಿ ಕಂಡ ದಿನವೇ ಸಿಂಪಡಿಸಬೇಕು.

ಕಡಲೆಗೆ ಎಕರೆಗೆ 100 ಎಲ್‌ಇ, 200 ಲೀಟರ್ ನೀರು. (ಎಲ್‌ಇ ಅಂದರೆ ರೋಗ ಹತ್ತಿದ ಒಂದು ಹುಳದಿಂದ ಸಿಗುವ ನಂಜಾಣುವಿನ ಲೆಕ್ಕ, 1 ಎಲ್‌ಇಗೆ 600 ಕೋಟಿ ಹರಳು.) ಹುಳ ಆಸೆಪಟ್ಟು ತಿನ್ನಲು 1 ಕಿಲೋ ಬೆಲ್ಲ, ಬಿಸಿಲು ತಡೆಯಲು ಬಟ್ಟೆಗೆ ಹಾಕುವ ನೀಲಿ 200 ಗ್ರಾಂ. ನೇರಳಾತೀತ ಕಿರಣ ಬಿದ್ದರೆ ನಂಜಾಣು ಬೇಗ ಸಾಯುತ್ತದೆ, ಹಾಗಾಗಿ ಬಿಸಿಲಿಳಿದ ಮೇಲೆ, ಆಗಷ್ಟೇ ಕಲಸಿ ಹೊಡೆಯಿರಿ. ಎಲೆಯ ತಳಭಾಗವೂ ನೆನೆಯಬೇಕು. 7ರಿಂದ 10 ದಿನಕ್ಕೆ ಮತ್ತೊಮ್ಮೆ.

ಬಾಟಲಿಯ ಮೇಲಿನ ಹೆಸರನ್ನೂ ನೋಡಿ. ಕಾಯಿಕೊರಕದ ನಂಜಾಣು ಎಚ್‌ಎಎನ್‌ಪಿವಿ. ಅದನ್ನು ಸ್ಪೋಡಾಪ್ಟೆರಾ ಲಿಟುರಾಗೆ (ಎಲೆ ತಿನ್ನುವ ಬೇರೊಂದು ಹುಳ) ಹೊಡೆದರೆ ಏನೂ ಆಗುವುದಿಲ್ಲ, ಅದಕ್ಕೆ ಎಸ್‌ಎಲ್‌ಎನ್‌ಪಿವಿಯೇ ಬೇಕು.

ಸತ್ತ ಹುಳ ಅರೆದು ನಾವೇ ಮಾಡಿಕೊಳ್ಳಬಹುದೇ ಎಂದೂ ಕೇಳಿದ್ದೀರಿ. ಮಾಡಬಹುದು. ಜೋತುಬಿದ್ದ, ಇನ್ನೂ ಒಡೆಯದ ದೊಡ್ಡ ಹುಳಗಳನ್ನು ಚಿಮಟದಲ್ಲಿ ಆರಿಸಿ, ನೀರಲ್ಲಿ ಅರೆದು, ಎರಡು ಪದರ ತೆಳು ಬಟ್ಟೆಯಲ್ಲಿ ಸೋಸಿ, ಅಂದೇ ಸಂಜೆ ಹೊಡೆಯಿರಿ. ಎಕರೆಗೆ ನೂರಕ್ಕಿಂತ ಹೆಚ್ಚೇ ಇರಲಿ, ಹೊಲದ ಹುಳಗಳಲ್ಲಿ ಹರಳು ಒಂದೇ ಸಮ ಇರುವುದಿಲ್ಲ. ಕಪ್ಪಾಗಿ ಕೊಳೆತು ನಾರುವವನ್ನು ಬಿಟ್ಟುಬಿಡಿ, ಅವು ಬ್ಯಾಕ್ಟೀರಿಯಾದಿಂದ ಸತ್ತಿರಲೂಬಹುದು.