‘ಟು’ ಮತ್ತು ‘ಇಂಗ್’ ನಡುವೆ ನಿಂತುಹೋಗುತ್ತಿದ್ದ ಮಾತು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ದಾಖಲಿಸಿರುವ ಈ ಪ್ರಕರಣದಲ್ಲಿ, ಯುವ ಉದ್ಯೋಗಿಯೊಬ್ಬರು ಇಂಗ್ಲಿಷಿನಲ್ಲಿ ಮಾತನಾಡಬೇಕಾದ ಸಭೆಗಳಿಂದ ತಪ್ಪಿಸಿಕೊಳ್ಳುತ್ತಿರುವುದಾಗಿ ಹೇಳಿಕೊಂಡು ನನ್ನ ಬಳಿ ಬಂದಿದ್ದರು. ಆ ಭಾಷೆ ತಮಗೆ ಒಲಿಯುವುದೇ ಇಲ್ಲವೆಂದು ಅವರು ನಂಬಿದ್ದರು. ಆದರೆ ಅವರನ್ನು ತಡೆಯುತ್ತಿದ್ದುದು ಪದಗಳ ಕೊರತೆಯಾಗಲಿ ಉಚ್ಚಾರಣೆಯಾಗಲಿ ಆಗಿರಲಿಲ್ಲ; ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಬರಬೇಕಾದೆಡೆಯಲ್ಲಿ ‘ಟು’ ಹಾಕಬೇಕೋ ‘ಇಂಗ್’ ಸೇರಿಸಬೇಕೋ ತಿಳಿಯದೆ ಅವರು ವಾಕ್ಯವನ್ನೇ ಕೈಬಿಡುತ್ತಿದ್ದರು. ಹಿಂದೊಮ್ಮೆ ‘ಐ ಎಂಜಾಯ್ ಟು ವರ್ಕ್’ ಎಂದಾಗ ಜೊತೆಗಿದ್ದವರು ನಕ್ಕಿದ್ದರು, ಆ ನೋವು ಇನ್ನೂ ಹಸಿಯಾಗಿತ್ತು.

ತಪ್ಪಿನ ಮೂಲವನ್ನು ಮೊದಲು ವಿವರಿಸಿದೆ. ಕನ್ನಡದಲ್ಲಿ ‘ಕೆಲಸ ಮಾಡಲು ಇಷ್ಟ’, ‘ಕೆಲಸ ಮಾಡುವುದು ಇಷ್ಟ’ ಎರಡೂ ಸಲ್ಲುತ್ತವೆ. ಇಂಗ್ಲಿಷಿನ ‘ಲೈಕ್’ ಕೂಡ ಎರಡನ್ನೂ ಒಪ್ಪುತ್ತದೆ, ‘ಎಂಜಾಯ್’ ಮಾತ್ರ ‘ಇಂಗ್’ ರೂಪವನ್ನಷ್ಟೇ ಒಪ್ಪುತ್ತದೆ: ‘ಐ ಎಂಜಾಯ್ ವರ್ಕಿಂಗ್’. ರೂಪವನ್ನು ನಿರ್ಧರಿಸುವುದು ಮೊದಲ ಕ್ರಿಯಾಪದ. ಅದಕ್ಕೂ ಮಾತನಾಡುವವರ ಬುದ್ಧಿಶಕ್ತಿಗೂ ಸಂಬಂಧವಿಲ್ಲ.

ವಾಂಟ್, ಹೋಪ್, ಡಿಸೈಡ್, ಪ್ರಾಮಿಸ್ ಮುಂತಾದವು ಇನ್ನೂ ನಡೆಯಬೇಕಾದ ಕ್ರಿಯೆಯತ್ತ ನೋಡುವುದರಿಂದ ‘ಟು’ ಬೇಡುತ್ತವೆ; ಫಿನಿಶ್, ಅಡ್ಮಿಟ್, ಕೀಪ್ ಮುಂತಾದವು ನಡೆದ ಅಥವಾ ನಡೆಯುತ್ತಿರುವ ಕ್ರಿಯೆಯನ್ನು ಹಿಡಿಯುವುದರಿಂದ ‘ಇಂಗ್’ ಬೇಡುತ್ತವೆ. ಈ ಸೂತ್ರ ಎಲ್ಲೆಡೆ ನಿಲ್ಲುವುದಿಲ್ಲ: ‘ಸಜೆಸ್ಟ್’ ಮುಂದಿನದನ್ನೇ ಹೇಳಿದರೂ ಅದಕ್ಕೆ ಒಗ್ಗುವುದು ‘ಇಂಗ್’. ಆದ್ದರಿಂದ ಉದ್ದದ ಪಟ್ಟಿಗಳನ್ನು ಬಾಯಿಪಾಠ ಮಾಡುವ ಬದಲು, ತಮ್ಮ ಕೆಲಸದಲ್ಲಿ ನಿತ್ಯ ಬಳಕೆಯಾಗುವ ಕ್ರಿಯಾಪದಗಳನ್ನಷ್ಟೇ ಆರಿಸಿಕೊಂಡು, ಪೂರ್ಣ ವಾಕ್ಯಗಳಲ್ಲಿ ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳುವಂತೆ ಸಲಹೆ ಕೊಟ್ಟೆ. ಸ್ಟಾರ್ಟ್, ಬಿಗಿನ್, ಕಂಟಿನ್ಯೂ ಬಂದಾಗ ಸಾಮಾನ್ಯವಾಗಿ ಎರಡೂ ಸರಿ.

ನಿಜವಾದ ಎಚ್ಚರ ಬೇಕಾದದ್ದು ರೂಪದೊಡನೆ ಅರ್ಥವೂ ಬದಲಾಗುವಲ್ಲಿ. ‘ಐ ಸ್ಟಾಪ್ಡ್ ಚೆಕಿಂಗ್ ದ ಮೇಲ್’ ಎಂದರೆ ಮೇಲ್ ನೋಡುವುದನ್ನು ನಿಲ್ಲಿಸಿದೆ ಎಂದಾಗುತ್ತದೆ. ‘ಐ ಸ್ಟಾಪ್ಡ್ ಟು ಚೆಕ್ ದ ಮೇಲ್’ ಎಂದರೆ ಮೇಲ್ ನೋಡಲೆಂದು ಬೇರೆ ಕೆಲಸವನ್ನು ನಿಲ್ಲಿಸಿದೆ ಎಂದು. ‘ರಿಮೆಂಬರ್ ಟು ಸೆಂಡ್’ ಮರೆಯದೆ ಕಳುಹಿಸುವುದನ್ನು ಹೇಳಿದರೆ, ‘ರಿಮೆಂಬರ್ ಸೆಂಡಿಂಗ್’ ಕಳುಹಿಸಿದ್ದರ ನೆನಪನ್ನು ಹೇಳುತ್ತದೆ. ಇಂಥ ಕಡೆ ತಪ್ಪಿದರೆ ಕೂಡಲೇ ತಿದ್ದಿಕೊಳ್ಳಬೇಕು. ‘ಎಂಜಾಯ್ ಟು ವರ್ಕ್’ ತಪ್ಪೇ ಆದರೂ ಕೇಳುವವರಿಗೆ ಅರ್ಥ ತಲುಪುತ್ತದೆ. ಅಂಥಲ್ಲಿ ನಿಲ್ಲದೆ ವಾಕ್ಯವನ್ನು ಮುಗಿಸಬೇಕು. ಈ ವ್ಯತ್ಯಾಸವನ್ನು ನಾನು ಒತ್ತಿ ಹೇಳಿದೆ, ಏಕೆಂದರೆ ಎರಡು ಬಗೆಯ ತಪ್ಪುಗಳಿಗೂ ಅವರು ಒಂದೇ ಸಮನೆ ಅಂಜುತ್ತಿದ್ದರು.

ಮುಂದಿನ ಭೇಟಿಯ ಹೊತ್ತಿಗೆ ಅವರು ಸಭೆಯೊಂದರಲ್ಲಿ ತಮ್ಮ ಯೋಜನೆಯನ್ನು ಪೂರ್ತಿಯಾಗಿ ಮಂಡಿಸಿದ್ದರು. ‘ಸಜೆಸ್ಟ್’ ಬಂದಾಗ ಇನ್ನೂ ತಡವರಿಸುತ್ತಾರೆ, ತಿದ್ದಿಕೊಂಡು ಮಾತು ಮುಂದುವರಿಸುತ್ತಾರೆ.