ಜಾರುವ ಪಾದರಕ್ಷೆ, ಮೂರು ಗಂಟಿನ ಹಗ್ಗ, ಕಾಲಡಿಯ ಹಾವು: ಓದುಗರ ಪ್ರಶ್ನೆಗಳು

ಪ್ರಶ್ನೆ: ಚರ್ಚಿನ ಬುಧವಾರದ ನೊವೇನ ಪ್ರಾರ್ಥನೆಗೆ ನಿತ್ಯಸಹಾಯ ಮಾತೆಯ (ಯೇಸುವಿನ ತಾಯಿ ಮರಿಯಮ್ಮನವರ) ಪಟ ಹಾಕಿ 6 ಅಡಿ ಅಗಲ, 4 ಅಡಿ ಎತ್ತರದ ಬ್ಯಾನರ್ ಮಾಡಿಕೊಟ್ಟಿದ್ದೆ. ಮಾತೆಯ ಮುಖ ಅಕ್ಷರಗಳ ಕಡೆ ಇರಲೆಂದು ಪಟವನ್ನು ಎಡ-ಬಲ ತಿರುಗಿಸಿದೆ, ಜಾಗ ಸಾಲದೆ ಮೇಲಿನ ದೇವದೂತರನ್ನು ಕತ್ತರಿಸಿದೆ. ಫಾದರ್ ವಾಪಸ್ ಕಳಿಸಿದರು. ಏನು ತಪ್ಪಾಯಿತು?
— ಡಿಸೈನರ್, ದಾವಣಗೆರೆ

ಉತ್ತರ: ಕನ್ನಡದಲ್ಲಿ ನಾವು ಚಿತ್ರ ‘ಬರೆಯುತ್ತೇವೆ’. ಗ್ರೀಕಿನಲ್ಲೂ ಬರೆಯುವುದಕ್ಕೂ ಚಿತ್ರಿಸುವುದಕ್ಕೂ ಕ್ರಿಯಾಪದ ಒಂದೇ. ಈ ಪಟ ಆ ಪರಂಪರೆಯ ಐಕಾನ್, ಅಂದರೆ ಭಕ್ತಿಯಿಂದ ಗೌರವಿಸುವ ಪವಿತ್ರ ಚಿತ್ರ. ಅದರಲ್ಲಿ ಅಕ್ಷರಶಃ ಬರಹವೂ ಇದೆ: ಮಾತೆಯ ತಲೆಯ ಎರಡೂ ಬದಿಗೆ ‘ದೇವರ ತಾಯಿ’ ಎಂಬ ಗ್ರೀಕ್ ಮಾತಿನ ಸಂಕ್ಷೇಪ, ಬಾಲಯೇಸುವಿನ ಪಕ್ಕ ‘ಯೇಸು ಕ್ರಿಸ್ತ’ ಎಂಬುದರ ಸಂಕ್ಷೇಪ. ಪಟ ತಿರುಗಿಸಿದ ಕೂಡಲೇ ಅಷ್ಟೂ ಕನ್ನಡಿ ಬರಹವಾಯಿತು.

ಕತ್ತರಿಸಿದ್ದು ಅದಕ್ಕಿಂತ ದೊಡ್ಡ ನಷ್ಟ. ನೋಡುವವರ ಎಡಕ್ಕಿರುವ ದೇವದೂತ ಮಿಕಾಯೇಲ ಈಟಿ, ಸ್ಪಂಜು ಸಿಕ್ಕಿಸಿದ ಕೋಲು ಹಿಡಿದಿದ್ದಾನೆ. ಬಲಕ್ಕಿರುವ ಗಬ್ರಿಯೇಲನ ಬಳಿ ಶಿಲುಬೆ, ಮೊಳೆ. ಮುಂದೆ ಬರಲಿರುವ ಯಾತನೆ ಕಂಡು ಮಗು ಬೆಚ್ಚಿ ತಾಯಿಯ ಬಲಗೈ ಹಿಡಿದುಕೊಂಡಿದೆ, ತಿರುಗಿ ನೋಡುತ್ತಿದೆ. ಓಡಿಬಂದ ರಭಸಕ್ಕೋ ಎಂಬಂತೆ ಒಂದು ಪಾದರಕ್ಷೆ ಕಳಚಿ, ಬರೀ ಪಟ್ಟಿಯಲ್ಲಿ ನೇತಾಡುತ್ತಿದೆ. ದೇವದೂತರೇ ಇಲ್ಲದಿದ್ದರೆ ಆ ಬೆದರಿಕೆಗೆ ಕಾರಣವೇ ಕಾಣದು. ಮಾತೆಯ ಕಣ್ಣು ಮಾತ್ರ ಮಗುವಿನ ಮೇಲಿಲ್ಲ, ನೇರ ನಮ್ಮ ಮೇಲಿದೆ. ಈ ಪಟದ ಜೀವ ಇರುವುದೇ ಆ ನೋಟದಲ್ಲಿ.

ಮೂಲ ಪಟ ರೋಮಿನ ಸಂತ ಅಲ್ಫೋನ್ಸರ ದೇವಾಲಯದಲ್ಲಿ 1866ರಿಂದ ಇದೆ. ಅಳತೆ ಸುಮಾರು 54 x 41.5 ಸೆಂ.ಮೀ. ಅದೇ ಪ್ರಮಾಣ ಹಿಡಿದರೆ ನಿಮ್ಮ 4 ಅಡಿ ಎತ್ತರಕ್ಕೆ ಪಟ 3 ಅಡಿ 1 ಇಂಚು ಅಗಲ ಬರುತ್ತದೆ. ಅಕ್ಷರಗಳಿಗೆ ಉಳಿಯುವ 2 ಅಡಿ 11 ಇಂಚು ಧಾರಾಳವಾಯಿತು. ಪಟವನ್ನು ಎಳೆದು ಅಗಲ ಮಾಡಬೇಡಿ. ಹಿಂದಿನ ಚಿನ್ನದ ಬಣ್ಣ ದೇವರ ಬೆಳಕು, ಅದರ ಮೇಲೆ ನೆರಳಿನ ಎಫೆಕ್ಟ್ ಕೊಡಬೇಡಿ. ಸರಿಯಿದೆಯೇ ಎಂದು ನೋಡಲು ಒಂದೇ ಗುರುತು ಸಾಕು: ಮಗು ಮಾತೆಯ ಎಡಗೈ ಮೇಲೆ, ಅಂದರೆ ನಮ್ಮ ಬಲಕ್ಕೆ ಇರಬೇಕು.

ಪ್ರಶ್ನೆ: ಅಜ್ಜಿಯ ಕಾಲದ ಪ್ಲಾಸ್ಟರ್ ಪ್ರತಿಮೆಯೊಂದಿದೆ. ತೋಳಲ್ಲಿ ಮಗು, ಇನ್ನೊಂದು ಕೈ ಮುರಿದಿದೆ. ಸಂತ ಜೋಸೆಫರೋ, ಸಂತ ಅಂತೋಣಿಯವರೋ ತಿಳಿಯುತ್ತಿಲ್ಲ. ದುರಸ್ತಿ ಹೇಗೆ?
— ಗೃಹಿಣಿ, ಹರಿಹರ

ಉತ್ತರ: ಇಬ್ಬರ ತೋಳಲ್ಲೂ ಬಾಲಯೇಸು ಉಂಟು, ಇಬ್ಬರಿಗೂ ಲಿಲಿ ಹೂವುಂಟು. ಹಾಗಾಗಿ ಮುಖ ಮತ್ತು ಸೊಂಟ ನೋಡಿ. ಗಡ್ಡ, ತುಂಬು ಕೂದಲು, ನಿಲುವಂಗಿಯ ಮೇಲೆ ಬೇರೆ ಬಣ್ಣದ ಹೊದಿಕೆ ಇದ್ದರೆ ಜೋಸೆಫರು. ಗಡ್ಡವಿಲ್ಲದ ಎಳೆಯ ಮುಖ, ನಡುನೆತ್ತಿ ಬೋಳಿಸಿ ಸುತ್ತ ಬಿಟ್ಟ ಕೂದಲು, ಕಂದು ನಿಲುವಂಗಿ, ಸೊಂಟಕ್ಕೆ ಬಿಳಿ ಹಗ್ಗ ಇದ್ದರೆ 1231ರಲ್ಲಿ ತೀರಿಕೊಂಡ ಪಾದುವಾದ ಅಂತೋಣಿಯವರು. ಹಗ್ಗದ ಮೂರು ಗಂಟುಗಳು ಅವರು ಸೇರಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮೂರು ವ್ರತಗಳು: ಬಡತನ, ಬ್ರಹ್ಮಚರ್ಯ, ವಿಧೇಯತೆ. ಮಗು ಪುಸ್ತಕದ ಮೇಲೆ ಕೂತಿದ್ದರಂತೂ ಅನುಮಾನವೇ ಬೇಡ.

ನೀರಿನಲ್ಲಿ ತೊಳೆಯಬೇಡಿ, ಪ್ಲಾಸ್ಟರ್ ನೀರು ಕುಡಿದು ಮೆತ್ತಗಾಗಿ ಬಣ್ಣ ಎದ್ದುಬರುತ್ತದೆ. ಒಣ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಮುರಿದ ಕೈ ಸಿಕ್ಕಿದ್ದರೆ ಎರಡೂ ಕಡೆ ಸಣ್ಣ ತೂತು ಕೊರೆದು, ನಡುವೆ ಹಿತ್ತಾಳೆ ತಂತಿ ಇಟ್ಟು ಎಪಾಕ್ಸಿಯಿಂದ ಕೂಡಿಸಿ. ಕಬ್ಬಿಣದ ತಂತಿ ಬೇಡ: ತುಕ್ಕು ಹಿಡಿದು ಉಬ್ಬುತ್ತದೆ, ಪ್ಲಾಸ್ಟರ್ ಸೀಳುತ್ತದೆ. ಪೂರ್ತಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ತೆಳುವಾಗಿ ಎರಡು ಕೈ ಅಕ್ರಿಲಿಕ್. ಬಾಗಿಲಿಗೆ ಹಚ್ಚುವ ಎನಾಮೆಲ್ ಬಳಸಿದರೆ ರೆಪ್ಪೆ, ತುಟಿ, ಬೆರಳ ಸಂದು ಎಲ್ಲ ಮುಚ್ಚಿಹೋಗುತ್ತವೆ. ಹಳೆಯ ಮುಖ ಚೆನ್ನಾಗಿದ್ದರೆ ದಯವಿಟ್ಟು ಮುಟ್ಟಲೇಬೇಡಿ. ಲಿಲಿಯ ಜಾಗದಲ್ಲಿ ಪ್ಲಾಸ್ಟಿಕ್ ಗುಲಾಬಿಯನ್ನೂ ಸಿಕ್ಕಿಸಬೇಡಿ. ಬಿಳಿ ಲಿಲಿ ಪರಿಶುದ್ಧತೆಯ ಗುರುತು, ಗುಲಾಬಿ ಹೇಳುವುದು ಬೇರೆಯೇ. ಸರಿಪಡಿಸಲಾಗದಷ್ಟು ಚೂರಾಗಿದ್ದರೆ ಕಸಕ್ಕೆ ಹಾಕದೆ ಶುದ್ಧ ಜಾಗದಲ್ಲಿ ಹೂಳುವುದು ವಾಡಿಕೆ.

ಪ್ರಶ್ನೆ: ನಮ್ಮ ಕೋಟೆಯ ಬಾಗಿಲಲ್ಲಿ ಹಾವಿನ ಕೆತ್ತನೆಯಿದೆ, ನಾಗರಕಲ್ಲಿಗೆ ಹಾಲೆರೆಯುತ್ತೇವೆ. ಚರ್ಚಿನ ಪ್ರತಿಮೆಯಲ್ಲಿ ಯೇಸುವಿನ ತಾಯಿ ಮರಿಯಮ್ಮನವರು ಹಾವನ್ನೇಕೆ ತುಳಿದಿದ್ದಾರೆ?
— ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಅದು ನಮ್ಮ ನಾಗಪ್ಪನಲ್ಲ, ಬೈಬಲಿನ ಆದಿಕಾಂಡದಲ್ಲಿ ಮೊದಲ ಸ್ತ್ರೀ ಹವ್ವಳನ್ನು ಮರುಳು ಮಾಡಿದ ಸರ್ಪ. ಕೆಲವು ಪ್ರತಿಮೆಗಳಲ್ಲಿ ಅದರ ಬಾಯಲ್ಲಿ ಹಣ್ಣಿರುವುದು ಅದಕ್ಕೇ. ನಿನಗೂ ಸ್ತ್ರೀಗೂ ಹಗೆತನವಿಡುತ್ತೇನೆಂದು ದೇವರು ಸರ್ಪಕ್ಕೆ ಹೇಳುವ ಮಾತು (3:15) ಈ ರೂಪಕ್ಕೆ ಆಧಾರ. ಕಾಲಡಿಯ ಚಂದ್ರ, ತಲೆ ಸುತ್ತಲಿನ 12 ನಕ್ಷತ್ರ ಬಂದದ್ದು ಬೈಬಲಿನ ಪ್ರಕಟನಾ ಗ್ರಂಥದಿಂದ (12:1).

ಹಾವು ಕಂಡಲ್ಲೆಲ್ಲ ಕೇಡೆಂದು ಓದಬೇಡಿ. ಕಂಬಕ್ಕೆ ಸುತ್ತಿದ ಕಂಚಿನ ಹಾವು ಬೈಬಲಿನ ಪ್ರವಾದಿ ಮೋಶೆ ಎತ್ತಿ ನಿಲ್ಲಿಸಿದ್ದು. ಹಾವಿನಿಂದ ಕಚ್ಚಿಸಿಕೊಂಡವರು ಅದನ್ನು ನೋಡಿ ಬದುಕಿದರು. ಯೊವಾನ್ನರ ಶುಭಸಂದೇಶ ಅದನ್ನು ಶಿಲುಬೆಗೇ ಹೋಲಿಸುತ್ತದೆ (3:14). ಇನ್ನು ಬಟ್ಟಲಿನಿಂದ ಹಾವು ತಲೆಯೆತ್ತಿದ್ದರೆ, ಆ ಬಟ್ಟಲು ಹಿಡಿದವರು ಯೇಸುವಿನ ಶಿಷ್ಯರಾದ ಪ್ರೇಷಿತ ಯೊವಾನ್ನರು: ವಿಷ ಬೆರೆಸಿ ಕೊಟ್ಟರೂ ಅವರಿಗೆ ಏನೂ ಆಗಲಿಲ್ಲವೆಂಬ ಐತಿಹ್ಯ ಅದು.