ತೆರಿಗೆ ಉಳಿಯುತ್ತದೆ ಅಂತ ದೊಡ್ಡ ಕಾರು ತಗೊಳ್ಳೋದಾ?

ನಿಮ್ಮ ಪ್ರಶ್ನೆ ಓದಿದೆ. ನೀವು ಪಿಆರ್ (ಶಾಶ್ವತ ವಾಸದ ವೀಸಾ) ಮೇಲೆ ಮೆಲ್ಬರ್ನ್‌ಗೆ ಬಂದು ಹತ್ತು ತಿಂಗಳಾಗಿದೆ. ಸಂಬಳ ವರ್ಷಕ್ಕೆ 1,40,000 ಡಾಲರ್. ಮಗು ಚೈಲ್ಡ್‌ಕೇರ್‌ಗೆ ಹೋಗುತ್ತಿದೆ. ಆಫೀಸಿನಲ್ಲಿ ಒಬ್ಬರು "ನೋವೇಟೆಡ್ ಲೀಸ್‌ನಲ್ಲಿ ತಗೋ, ಅರ್ಧ ದುಡ್ಡು ಸರ್ಕಾರವೇ ಕೊಟ್ಟ ಹಾಗೆ" ಅಂದಿದ್ದಾರೆ. ನಿಮ್ಮ ಕಣ್ಣು 1,10,000 ಡಾಲರಿನ ಜರ್ಮನ್ ಪೆಟ್ರೋಲ್ ಎಸ್‌ಯುವಿ ಮೇಲಿದೆ. "ಅಣ್ಣಾ, ಬೆಂಗಳೂರಲ್ಲಿ ಕನಸಲ್ಲೂ ಆಗದ್ದು ಇಲ್ಲಿ ಆಗುತ್ತೆ ಅಂತಾರೆ, ತಗೊಳ್ಳಲಾ?" ಅಂತ ಕೇಳಿದ್ದೀರಿ.

ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಲೆಕ್ಕದ ಸಮೇತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಇಂಥ ಉತ್ತರ ನನಗೆ ಯಾರಾದರೂ 2015ರಲ್ಲಿ ಕೊಟ್ಟಿದ್ದರೆ ಚೆನ್ನಾಗಿತ್ತು.

ನಿಮ್ಮ ಆಸೆ ನನಗೆ ಅರ್ಥ ಆಗುತ್ತದೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸೇ 18 ಪರ್ಸೆಂಟ್, ಅದರ ಮೇಲೆ ಸೆಸ್. ಎಲ್ಲ ಒಂದೇ ಏಟಿಗೆ ಕಟ್ಟಬೇಕು. ಇಲ್ಲಿ ನೋಡಿದರೆ ರೆಗೋ, ಅಂದರೆ ಗಾಡಿಯ ನೋಂದಣಿ ಶುಲ್ಕ, ವರ್ಷಕ್ಕೆ 900 ಡಾಲರ್ ಚಿಲ್ಲರೆ. ಸಣ್ಣ ಕಾರಿಗೂ ಅಷ್ಟೇ, ದೊಡ್ಡ ಕಾರಿಗೂ ಅಷ್ಟೇ. ಹೊಸದಾಗಿ ಬಂದವರಿಗೆ ಇಲ್ಲಿ ಕಾರಿಗೆ ತೆರಿಗೆಯೇ ಇಲ್ಲವೇನೋ ಅನ್ನಿಸುತ್ತದೆ. ತೆರಿಗೆ ಇದೆ. ಬೆಲೆಯ ಒಳಗೆ ಕೂತಿರುತ್ತದೆ, ಅಷ್ಟೇ.

ಮೊದಲನೆಯದು ಲಕ್ಷುರಿ ಕಾರ್ ಟ್ಯಾಕ್ಸ್. 2000ನೇ ಇಸವಿಯಲ್ಲಿ ಜಿಎಸ್‌ಟಿ ಜೊತೆಗೇ ಬಂತು. ಮೊದಲು 25 ಪರ್ಸೆಂಟ್ ಇತ್ತು, 2008ರಲ್ಲಿ 33 ಮಾಡಿದರು. ಒಂದು ಮಿತಿ ಇದೆ, ಅದನ್ನು ದಾಟಿದ ಭಾಗಕ್ಕೆ ಮಾತ್ರ ಈ ತೆರಿಗೆ. 2025-26ರಲ್ಲಿ ಸಾಮಾನ್ಯ ಕಾರಿಗೆ ಮಿತಿ 80,567 ಡಾಲರ್. ಇಂಧನ ಕಡಿಮೆ ಕುಡಿಯುವ ಕಾರಿಗೆ 91,387. ಈ ಎರಡನೇ ಗುಂಪಿಗೆ ಸೇರಬೇಕಾದರೆ 2025ರ ಜುಲೈಯಿಂದ 100 ಕಿಲೋಮೀಟರಿಗೆ 3.5 ಲೀಟರ್ ಮೀರಬಾರದು. ಮೊದಲು 7 ಲೀಟರ್ ಇತ್ತು. ಹಾಗಾಗಿ ಈಗ ಹೆಚ್ಚುಕಮ್ಮಿ ಎಲೆಕ್ಟ್ರಿಕ್ ಮತ್ತೆ ಪ್ಲಗ್-ಇನ್ ಕಾರುಗಳಷ್ಟೇ ಅದರಲ್ಲಿ ಉಳಿದಿವೆ.

ನೀವು ಹೇಳಿದ 1,10,000 ಜಿಎಸ್‌ಟಿ ಸೇರಿದ, ಲಕ್ಷುರಿ ಟ್ಯಾಕ್ಸ್ ಸೇರದ ಬೆಲೆ ಅಂತ ಇಟ್ಟುಕೊಳ್ಳೋಣ. ಅದರಲ್ಲಿ 80,567 ಕಳೆದರೆ 29,433. ಅದರೊಳಗಿನ ಜಿಎಸ್‌ಟಿ ಬಿಟ್ಟು, ಅಂದರೆ ಹನ್ನೊಂದರಲ್ಲಿ ಹತ್ತು ಭಾಗಕ್ಕೆ, 33 ಪರ್ಸೆಂಟ್. ಸುಮಾರು 8,830 ಡಾಲರ್.

ಆಮೇಲೆ ನಮ್ಮ ವಿಕ್ಟೋರಿಯಾ ರಾಜ್ಯದ ಸ್ಟ್ಯಾಂಪ್ ಡ್ಯೂಟಿ. ಇದು ಸ್ಲ್ಯಾಬ್ ಥರ ಅಲ್ಲ, ಇಡೀ ಬೆಲೆಗೆ ಬೀಳುತ್ತದೆ. ಹೊಸ ಕಾರು ಲಕ್ಷುರಿ ಮಿತಿಯ ಒಳಗಿದ್ದರೆ ಪ್ರತಿ 200 ಡಾಲರಿಗೆ 8.40. ಒಂದು ಲಕ್ಷ ದಾಟಿತು ಅಂದರೆ ಪ್ರತಿ 200ಕ್ಕೆ 14. ಅಂದರೆ 80,000ದ ಕಾರಿಗೆ 3,360 ಡಾಲರ್. ನಿಮ್ಮ ಕಾರಿಗೆ ಬರೀ 1,10,000 ಹಿಡಿದರೂ 7,700. ಬೆಲೆ ಜಾಸ್ತಿ ಆಗಿದ್ದು 37.5 ಪರ್ಸೆಂಟ್, ಡ್ಯೂಟಿ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ.

ಎರಡೂ ಸೇರಿ 16,530. ಈ ದುಡ್ಡು ಗಾಡಿ ಶೋರೂಮಿನಿಂದ ಹೊರಗೆ ಬಂದ ದಿನವೇ ಹೋಯಿತು. ನಾಳೆ ಮಾರಲು ಹೋದಾಗ ಕೊಳ್ಳುವವರು "ಪಾಪ, ತೆರಿಗೆ ಕಟ್ಟಿದ್ದಾರೆ" ಅಂತ ಲೆಕ್ಕ ಹಾಕಿ ಕೊಡುವುದಿಲ್ಲ.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಈ ಲಕ್ಷುರಿ ಟ್ಯಾಕ್ಸ್ ಇಲ್ಲಿನ ಕಾರು ಕಾರ್ಖಾನೆಗಳಿಗೆ ಆಸರೆ ಅಂತ ಆಗ ಹೇಳುತ್ತಿದ್ದರು. ಫೋರ್ಡ್ 2016ರಲ್ಲಿ ಬಾಗಿಲು ಹಾಕಿತು. ನಮ್ಮ ಕಡೆ ಆಲ್ಟೋನಾದಲ್ಲಿದ್ದ ಟೊಯೋಟಾ ಮತ್ತೆ ಅಡಿಲೇಡ್ ಹತ್ತಿರದ ಹೋಲ್ಡನ್ 2017ರ ಅಕ್ಟೋಬರಿನಲ್ಲಿ ಮುಚ್ಚಿದವು. ಟೊಯೋಟಾದಲ್ಲಿ ಕೆಲಸ ಮಾಡುತ್ತಿದ್ದ ಪಕ್ಕದ ಮನೆಯವರು ಕೊನೆಯ ದಿನ ಯೂನಿಫಾರ್ಮ್‌ನಲ್ಲೇ ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದರು. ಕಾಯಬೇಕಾದ ಕಾರ್ಖಾನೆ ಹೋಯಿತು, ತೆರಿಗೆ ಉಳಿಯಿತು. ನನಗೆ ಇದು ಸರಿ ಕಾಣುವುದಿಲ್ಲ. ಆದರೆ ಸರಿಯೋ ತಪ್ಪೋ, ಕಟ್ಟುವವರು ನೀವು.

ಈಗ ಸಹೋದ್ಯೋಗಿಯ ಮಾತಿಗೆ ಬರೋಣ. ನೋವೇಟೆಡ್ ಲೀಸ್ ಅಂದರೆ ನೀವು, ನಿಮ್ಮ ಕಂಪನಿ, ಲೀಸ್ ಕೊಡುವವರು, ಮೂವರ ನಡುವಿನ ಒಪ್ಪಂದ. ಕಾರಿನ ಕಂತು, ಪೆಟ್ರೋಲ್, ಇನ್ಶೂರೆನ್ಸ್, ಸರ್ವೀಸ್ ಎಲ್ಲ ಸಂಬಳದಿಂದ, ತೆರಿಗೆ ಹಿಡಿಯುವ ಮೊದಲೇ ಹೋಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಪೆಟ್ರೋಲ್ ಕಾರಿಗೆ ಸಂಬಳದ ಜೊತೆ ಸಿಗುವ ಸೌಲಭ್ಯಗಳ ಮೇಲಿನ ತೆರಿಗೆ, ಅಂದರೆ ಫ್ರಿಂಜ್ ಬೆನಿಫಿಟ್ಸ್ ಟ್ಯಾಕ್ಸ್, ಎಫ್‌ಬಿಟಿ ಇದೆ. ಅದನ್ನು ಸೊನ್ನೆ ಮಾಡಬೇಕಾದರೆ ಕಾರಿನ ಬೆಲೆಯ 20 ಪರ್ಸೆಂಟ್‌ನಷ್ಟು ದುಡ್ಡನ್ನು ಪ್ರತಿವರ್ಷ ತೆರಿಗೆ ಕಟ್ಟಿದ ಮೇಲಿನ ಸಂಬಳದಿಂದಲೇ ಕೊಡಬೇಕು. ಈ 20 ಪರ್ಸೆಂಟ್ ಲೆಕ್ಕದಲ್ಲಿ ಲಕ್ಷುರಿ ಟ್ಯಾಕ್ಸೂ ಸೇರುತ್ತದೆ. ನಿಮ್ಮ ಕಾರಿಗೆ 1,18,830ರ 20 ಪರ್ಸೆಂಟ್, ಅಂದರೆ 23,766.

ಐದು ವರ್ಷದ ಲೀಸ್‌ಗೆ ವರ್ಷದ ಒಟ್ಟು ಖರ್ಚು 30,000 ಅಂತ ಅಂದಾಜು ಹಿಡಿಯಿರಿ. ಅದರಲ್ಲಿ 23,766 ಪೋಸ್ಟ್-ಟ್ಯಾಕ್ಸ್. ಪ್ರೀ-ಟ್ಯಾಕ್ಸ್ ಆಗಿ ಉಳಿಯುವುದು 6,234 ಮಾತ್ರ. ನಿಮ್ಮ ಸಹೋದ್ಯೋಗಿ 39 ಪರ್ಸೆಂಟ್ ಉಳಿತಾಯ ಅಂದಿರಬಹುದು. ಅದು 1,35,000 ಮೇಲಿನ ಸಂಬಳಕ್ಕೆ: 37 ತೆರಿಗೆ, 2 ಮೆಡಿಕೇರ್ ಲೆವಿ (ಸರ್ಕಾರಿ ಆರೋಗ್ಯ ಸೇವೆಗೆ ಹಿಡಿಯುವ ದುಡ್ಡು). ನಿಮ್ಮ ಸಂಬಳದಲ್ಲಿ ಆ ಸ್ಲ್ಯಾಬ್‌ನಲ್ಲಿ ಇರುವುದು 5,000 ಡಾಲರ್ ಅಷ್ಟೇ. ಅದರ ಕೆಳಗೆ 32 ಪರ್ಸೆಂಟ್. ಹಾಗೆ ನೋಡಿದರೆ ವರ್ಷಕ್ಕೆ ಉಳಿಯುವ ತೆರಿಗೆ 2,300 ಚಿಲ್ಲರೆ. ಇದರ ಜೊತೆ ಖರೀದಿಯ ಜಿಎಸ್‌ಟಿಯಲ್ಲಿ ಹೆಚ್ಚೆಂದರೆ 6,334 ಉಳಿಯುತ್ತದೆ. ಅದಕ್ಕೂ ಮಿತಿ ಇದೆ, ಕಾರು ಎಷ್ಟೇ ದುಬಾರಿ ಆದರೂ ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ. ಐದು ವರ್ಷಕ್ಕೆ ಎಲ್ಲ ಸೇರಿಸಿ ಸುಮಾರು 18,000. ಮೊದಲ ದಿನವೇ ಹೋಗಿದ್ದು 16,530. ಅರ್ಧ ದುಡ್ಡು ಸರ್ಕಾರ ಕೊಡುವುದು ಎಲ್ಲಿಂದ ಬಂತು?

ಇನ್ನು ರೆಸಿಡ್ಯುಯಲ್. ಇದನ್ನು ದಯವಿಟ್ಟು ಎರಡು ಸಲ ಓದಿ. ಲೀಸ್ ಮುಗಿದಾಗ ಒಂದು ಮೊತ್ತ ಬಾಕಿ ಇರಲೇಬೇಕು ಅಂತ ಎಟಿಓ (ಇಲ್ಲಿನ ತೆರಿಗೆ ಇಲಾಖೆ) ನಿಯಮ. ಐದು ವರ್ಷಕ್ಕೆ ಕನಿಷ್ಠ 28.13 ಪರ್ಸೆಂಟ್, ಮೂರು ವರ್ಷಕ್ಕೆ 46.88. 1,10,000 ಲೀಸ್ ಆಗಿದ್ದರೆ ಐದನೇ ವರ್ಷದ ಕೊನೆಗೆ 30,943, ಅದರ ಮೇಲೆ 10 ಪರ್ಸೆಂಟ್ ಜಿಎಸ್‌ಟಿ. ಒಟ್ಟು 34,000 ಡಾಲರ್ ಒಟ್ಟಿಗೆ ಕೊಟ್ಟರೆ ಕಾರು ನಿಮ್ಮದು. ಇಲ್ಲವಾದರೆ ಮಾರಿ ತೀರಿಸಬೇಕು, ಇಲ್ಲ ಮತ್ತೆ ಲೀಸ್.

ನಾನು 2015ರಲ್ಲಿ ಸಹಿ ಹಾಕಿದ್ದು ಇಂಥದ್ದೇ ಐದು ವರ್ಷದ ಲೀಸ್‌ಗೆ. ಯುರೋಪಿನ ಎಸ್‌ಯುವಿ, ಕಪ್ಪು ಬಣ್ಣ. ಪ್ರತಿ ಹದಿನೈದು ದಿನಕ್ಕೆ ಇಷ್ಟು ಕಟ್ ಆಗುತ್ತದೆ ಅಂತ ತೋರಿಸಿದರು, ಅದನ್ನೇ ನೋಡಿದೆ. ಮೂರನೇ ವರ್ಷ ನಮ್ಮ ಕಂಪನಿ ಇಡೀ ಟೀಮ್ ತೆಗೆಯಿತು. ಕೆಲಸ ಹೋದ ದಿನ ಒಪ್ಪಂದದಿಂದ ಕಂಪನಿ ಹೊರಗೆ ಬರುತ್ತದೆ, ಕಂತು ಪೂರ್ತಿ ನಮ್ಮ ಮೇಲೆ ಬೀಳುತ್ತದೆ. ಅದು ಒಪ್ಪಂದದಲ್ಲೇ ಇತ್ತು, ನಾನು ಓದಿರಲಿಲ್ಲ. ನನ್ನ ಹೆಂಡತಿ ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಕಂತಿನ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಳು. ಅದರ ಕೆಳಗೆ ಪೆನ್ಸಿಲ್‌ನಲ್ಲಿ ಬ್ಯಾಂಕಿನಲ್ಲಿ ಉಳಿದಿದ್ದ ದುಡ್ಡು. ನಾಲ್ಕು ತಿಂಗಳು ಆ ಪೆನ್ಸಿಲ್ ಅಂಕಿ ಇಳಿಯುತ್ತಾ ಹೋಯಿತು. ಇಂಟರ್ವ್ಯೂಗೆ ನಾನು ಟಾರ್ನೀಟ್ ಸ್ಟೇಷನ್ನಿಂದ ರೈಲಿನಲ್ಲಿ ಹೋಗುತ್ತಿದ್ದೆ, ಸಿಟಿಯಲ್ಲಿ ಪಾರ್ಕಿಂಗ್ ದುಡ್ಡು ಉಳಿಯಲಿ ಅಂತ. ಕೊನೆಗೆ ಕಾರು ಮಾರಿದೆ. ಬಂದ ದುಡ್ಡಿಗಿಂತ ಲೀಸ್ ತೀರಿಸಲು ಬೇಕಾಗಿದ್ದು 9,000 ಡಾಲರ್ ಜಾಸ್ತಿ. ಮನೆಯ ಡಿಪಾಸಿಟ್‌ಗೆ ಅಂತ ಕೂಡಿಟ್ಟಿದ್ದರಿಂದ ತೆಗೆದು ಕೊಟ್ಟೆ.

482 ವೀಸಾದಲ್ಲಿ, ಅಂದರೆ ಕಂಪನಿ ಸ್ಪಾನ್ಸರ್ ಮಾಡುವ ತಾತ್ಕಾಲಿಕ ಕೆಲಸದ ವೀಸಾದಲ್ಲಿ, ಬಂದವರಿಗೆ ಇದು ಇನ್ನೂ ಕಷ್ಟ. ಕೆಲಸ ಹೋದರೆ ಬೇರೆ ಸ್ಪಾನ್ಸರ್ ಹುಡುಕಲು ಒಂದು ಸಲಕ್ಕೆ 180 ದಿನ. ಆ ಚಿಂತೆ ಮಧ್ಯೆ ಕಾರಿನ ಕಂತು ಬೇರೆ. ನಿಮ್ಮದು ಪಿಆರ್, ಆ ಭಯ ಇಲ್ಲ. ಆದರೆ ಮನೆ ತಗೊಳ್ಳುವ ಯೋಚನೆ ಇದೆ ಅಂದಿದ್ದೀರಿ ಅಲ್ವಾ? ಬ್ಯಾಂಕಿನವರು ಹೋಮ್ ಲೋನ್ ಎಷ್ಟು ಕೊಡಬಹುದು ಅಂತ ನೋಡುವಾಗ ಈ ಲೀಸನ್ನೂ ಸಾಲದ ಲೆಕ್ಕಕ್ಕೆ ಹಿಡಿಯುತ್ತಾರೆ. ಕಾರಿನಿಂದ ಮನೆ ಒಂದೆರಡು ವರ್ಷ ಹಿಂದೆ ಹೋದವರನ್ನು ನಾನು ನೋಡಿದ್ದೇನೆ.

ಹಾಗಂತ ಲೀಸೇ ಕೆಟ್ಟದ್ದು ಅನ್ನುತ್ತಿಲ್ಲ. ಎಲೆಕ್ಟ್ರಿಕ್ ಕಾರಿಗೆ ಲೆಕ್ಕವೇ ಬೇರೆ. 2022ರ ಜುಲೈಯಿಂದ, 91,387ರ ಮಿತಿಯ ಒಳಗಿರುವ ಎಲೆಕ್ಟ್ರಿಕ್ ಕಾರಿಗೆ ಎಫ್‌ಬಿಟಿ ಇಲ್ಲ. (ಮಿತಿ ವರ್ಷ ವರ್ಷ ಬದಲಾಗುತ್ತದೆ, ಇದು 2025-26ರದ್ದು. ಪ್ಲಗ್-ಇನ್ ಹೈಬ್ರಿಡ್‌ಗೆ ಹೊಸದಾಗಿ ಈ ಸೌಲಭ್ಯ 2025ರ ಏಪ್ರಿಲ್ 1ಕ್ಕೇ ನಿಂತಿದೆ.) 60,000 ಡಾಲರಿನ ಎಲೆಕ್ಟ್ರಿಕ್ ಕಾರು, ವರ್ಷದ ಖರ್ಚು 15,000 ಅಂತ ಹಿಡಿದರೆ ಅಷ್ಟೂ ಪ್ರೀ-ಟ್ಯಾಕ್ಸ್. ನಿಮಗೆ ವರ್ಷಕ್ಕೆ 5,000 ಡಾಲರ್ ಮೇಲೆ ಉಳಿಯುತ್ತದೆ. ಹೆಚ್ಚುಕಮ್ಮಿ ಅರ್ಧ ಬೆಲೆಯ ಕಾರಿಗೆ ಎರಡು ಪಟ್ಟು ಉಳಿತಾಯ!

ಆದರೆ ಆ ಗೆರೆ ಹತ್ತಿರ ಹೋಗುವಾಗ ಹುಷಾರು. ಗೆಳೆಯರೊಬ್ಬರ ಸಂಬಳ 1,80,000. 90,000 ಹತ್ತಿರದ ಎಲೆಕ್ಟ್ರಿಕ್ ಕಾರು ನೋಡಿದ್ದರು. ಬಣ್ಣ ಚೆನ್ನಾಗಿರಲಿ ಅಂತ ಸ್ಪೆಷಲ್ ಪೇಂಟ್, ಜೊತೆಗೆ ಟೋ ಬಾರ್ ಸೇರಿಸಿದರು. 91,900 ಆಯಿತು. ಮಿತಿಗಿಂತ 513 ಡಾಲರ್ ಜಾಸ್ತಿ. ಲಕ್ಷುರಿ ಟ್ಯಾಕ್ಸ್ 154 ಡಾಲರ್ ಬಂತು, "ಇಷ್ಟೇನಾ" ಅಂದರು. ಆದರೆ ಗೆರೆ ದಾಟಿದ್ದರಿಂದ ಎಫ್‌ಬಿಟಿ ವಿನಾಯಿತಿ ಪೂರ್ತಿ ಹೋಗುತ್ತದೆ. ವರ್ಷಕ್ಕೆ 18,000 ಚಿಲ್ಲರೆ ಪೋಸ್ಟ್-ಟ್ಯಾಕ್ಸ್ ಕೊಡಬೇಕು. ಅವರ ಸ್ಲ್ಯಾಬ್‌ಗೆ ಅದು ವರ್ಷಕ್ಕೆ 7,000 ಡಾಲರ್ ನಷ್ಟ. ಸಹಿ ಹಾಕುವ ಮೊದಲು ಕೋಟ್ ನನಗೆ ತೋರಿಸಿದ್ದರು, ಹಾಗಾಗಿ ಪೇಂಟ್ ಬಿಟ್ಟು ಬಿಳಿ ಕಾರು ತಗೊಂಡರು. ಡೀಲರ್ ಹಾಕಿಕೊಡುವ ಆಕ್ಸೆಸರಿಗಳೂ ಬೆಲೆಗೆ ಸೇರುತ್ತವೆ ಅನ್ನುವುದು ನೆನಪಿರಲಿ. ಒಮ್ಮೆ ಲಕ್ಷುರಿ ಟ್ಯಾಕ್ಸ್ ಬಿದ್ದ ಕಾರಿಗೆ ಮುಂದೆ ಸೆಕೆಂಡ್ ಹ್ಯಾಂಡ್ ತಗೊಂಡರೂ ಆ ವಿನಾಯಿತಿ ಸಿಗುವುದಿಲ್ಲ.

ಇನ್ನೊಂದು ವಿಷಯ ಲೀಸ್ ಮಾರುವವರು ಸಾಮಾನ್ಯವಾಗಿ ಎತ್ತುವುದಿಲ್ಲ. ಎಲೆಕ್ಟ್ರಿಕ್ ಕಾರಿಗೆ ಎಫ್‌ಬಿಟಿ ಇಲ್ಲದಿದ್ದರೂ, ಅದರ ಮೌಲ್ಯ ನಿಮ್ಮ ಇನ್‌ಕಮ್ ಸ್ಟೇಟ್‌ಮೆಂಟ್‌ನಲ್ಲಿ ಕಾಣುತ್ತದೆ. 60,000ದ ಕಾರಿಗೆ 22,600 ಡಾಲರ್ ಹತ್ತಿರ. ಅದಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಚೈಲ್ಡ್‌ಕೇರ್ ಸಬ್ಸಿಡಿ ಲೆಕ್ಕ ಹಾಕುವಾಗ ಅದು ಆದಾಯವೇ. ಕುಟುಂಬದ ಆದಾಯ 5,000 ಏರಿದ ಹಾಗೆಲ್ಲ ಸಬ್ಸಿಡಿ 1 ಪರ್ಸೆಂಟ್ ಇಳಿಯುತ್ತದೆ. ಕಾರಿನ ಖರ್ಚು ಸಂಬಳದಿಂದ ಮೊದಲೇ ಕಳೆದಿರುವುದರಿಂದ ನಿಮಗೆ ಒಂದೆರಡು ಪರ್ಸೆಂಟ್ ಅಷ್ಟೇ ವ್ಯತ್ಯಾಸ ಆಗಬಹುದು, ಆದರೂ ಸಬ್ಸಿಡಿ ನೋಡಿಕೊಳ್ಳುವ ಸರ್ಕಾರಿ ಕಚೇರಿ ಸೆಂಟರ್‌ಲಿಂಕ್‌ಗೆ ಕೊಟ್ಟ ಆದಾಯದ ಅಂದಾಜು ತಿದ್ದಿಬಿಡಿ. ಇಲ್ಲವಾದರೆ ವರ್ಷದ ಕೊನೆಗೆ ವಾಪಸ್ ಕಟ್ಟಿ ಅಂತ ಕಾಗದ ಬರುತ್ತದೆ.

ಅಂದಹಾಗೆ, ವಿಕ್ಟೋರಿಯಾದಲ್ಲಿ ಎಲೆಕ್ಟ್ರಿಕ್ ಕಾರಿಗೆ ಕಿಲೋಮೀಟರ್ ಲೆಕ್ಕದ ತೆರಿಗೆ ಇದೆ ಅಂತ ಯಾರೋ ಹೆದರಿಸಿದರು ಅಂದಿರಲ್ಲ, ಅದನ್ನು 2023ರ ಅಕ್ಟೋಬರಿನಲ್ಲಿ ಹೈಕೋರ್ಟ್ (ಆಸ್ಟ್ರೇಲಿಯಾದಲ್ಲಿ ಅದೇ ಅತಿ ದೊಡ್ಡ ಕೋರ್ಟು) ರದ್ದು ಮಾಡಿತು.

ಆ ಜರ್ಮನ್ ಎಸ್‌ಯುವಿಯೇ ಬೇಕು ಅಂತ ಮನಸ್ಸು ಹಟ ಹಿಡಿದರೆ, ಮೂರು ವರ್ಷ ಹಳೆಯದು ನೋಡಿ. ಲಕ್ಷುರಿ ಟ್ಯಾಕ್ಸ್ ಮೊದಲ ಮಾಲೀಕರು ಕಟ್ಟಿಯಾಗಿದೆ. ಮೊದಲ ವರ್ಷಗಳಲ್ಲಿ ಬೆಲೆ ಇಳಿದ ನಷ್ಟವೂ ಅವರದ್ದೇ. ಹಳೆಯ ಕಾರಿಗೆ ಸ್ಟ್ಯಾಂಪ್ ಡ್ಯೂಟಿ, ಬೆಲೆ ಎಷ್ಟೇ ಇದ್ದರೂ ಪ್ರತಿ 200ಕ್ಕೆ 8.40 ಮಾತ್ರ. ಮನೆಯ ಡಿಪಾಸಿಟ್ ಮುಟ್ಟದೆ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಬಿಟ್ಟು ಅದನ್ನು ತಗೊಳ್ಳಲು ಆಗುತ್ತದೆ ಅಂದರೆ ಧಾರಾಳವಾಗಿ ತಗೊಳ್ಳಿ. ಒಳ್ಳೆಯ ಕಾರು ಓಡಿಸುವ ಖುಷಿ ನನಗೂ ಗೊತ್ತು. ಗ್ರೇಟ್ ಓಷನ್ ರೋಡಿನಲ್ಲಿ ಆ ಕಪ್ಪು ಕಾರು ಓಡಿಸಿದ ಬೆಳಗ್ಗೆ ಇವತ್ತಿಗೂ ನೆನಪಿದೆ.

ಸದ್ಯಕ್ಕೆ ಲೀಸ್‌ನವರಿಗೆ ಒಂದು ಮೇಲ್ ಹಾಕಿ. ಡ್ರೈವ್-ಅವೇ ಬೆಲೆ (ತೆರಿಗೆ, ರೆಗೋ ಎಲ್ಲ ಸೇರಿದ ಬೆಲೆ) ಎಷ್ಟು, ಬಡ್ಡಿ ದರ ಎಷ್ಟು, ಜಿಎಸ್‌ಟಿ ಸೇರಿಸಿ ರೆಸಿಡ್ಯುಯಲ್ ಎಷ್ಟು, ಮೂರನೇ ವರ್ಷ ಕೆಲಸ ಬಿಟ್ಟರೆ ಎಷ್ಟು ಕಟ್ಟಬೇಕು, ಇಷ್ಟನ್ನು ಬರೆದು ಕೊಡಲು ಹೇಳಿ. ಬಡ್ಡಿ ದರ ಎಷ್ಟೋ ಕೋಟ್‌ಗಳಲ್ಲಿ ಇರುವುದೇ ಇಲ್ಲ, ಕೇಳಿದರೆ ಕೊಡುತ್ತಾರೆ. ಉತ್ತರ ಬಂದಮೇಲೆ ನಿಮ್ಮ ಹೆಸರು ಅಳಿಸಿ ನನಗೆ ಕಳಿಸಿ. ಭಾನುವಾರ ಮಧ್ಯಾಹ್ನ ಬಿಡುವಿರುತ್ತದೆ, ಫೋನಿನಲ್ಲಿ ಒಂದೊಂದೇ ಸಾಲು ನೋಡೋಣ.